ಗುಡ್ಡದ ಮೇಲೆ ಕಾಡಿತ್ತಲ್ಲ, ಮತ್ತೆ ಯಾಕೆ ಕುಸಿಯಿತು?

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಗುಡ್ಡ ಜರಿದು ಬಿತ್ತು. ರಸ್ತೆ ಬದಿಯ ಚಹಾ ಅಂಗಡಿ, ಅಲ್ಲಿದ್ದ ಜನ, ನಿಲ್ಲಿಸಿದ್ದ ವಾಹನ ಎಲ್ಲವೂ ಮಣ್ಣಿನಡಿ ಹೋದವು. ಮಣ್ಣು ಗಂಗಾವಳಿಗೆ ನುಗ್ಗಿದ ಹೊಡೆತಕ್ಕೆ ನೀರು ಉಕ್ಕಿ, ಆಚೆ ದಡದ ಉಳುವರೆಯಲ್ಲೂ ಮನೆಗಳು ಮುರಿದವು. ನದಿಯ ತಳ ಸೇರಿದ್ದ ಲಾರಿಯೊಂದು ಮೇಲೆ ಬಂದದ್ದು ಸೆಪ್ಟೆಂಬರ್ ಕೊನೆಗೆ.

ಆಮೇಲೆ ಶುರುವಾದ ಜಗಳ ಎಲ್ಲರಿಗೂ ಗೊತ್ತು. ಹೆದ್ದಾರಿ ಅಗಲ ಮಾಡಲು ಗುಡ್ಡದ ಬುಡ ಕಡಿದದ್ದೇ ಕಾರಣ ಎಂದು ಒಂದು ಗುಂಪು. ಅಂಥ ಮಳೆಗೆ ಯಾವ ಗುಡ್ಡ ನಿಲ್ಲುತ್ತದೆ ಎಂದು ಇನ್ನೊಂದು ಗುಂಪು. ಕಾಡು ಕಡಿದದ್ದಕ್ಕೆ ಶಾಪ ಎಂದು ಮೂರನೆಯವರು. ಇವೆಲ್ಲದರ ನಡುವೆ ಕೆಲವರು ಮೆಲ್ಲಗೆ ಕೇಳಿದ ಪ್ರಶ್ನೆಗೆ ಮಾತ್ರ ಯಾರೂ ಸರಿಯಾಗಿ ಉತ್ತರ ಕೊಡಲಿಲ್ಲ. ಶಿರೂರಿನ ಗುಡ್ಡದ ಮೇಲೆ ಮರಗಳಿದ್ದವು. 2021ರ ಜುಲೈನಲ್ಲಿ ಕುಸಿದ ಯಲ್ಲಾಪುರದ ಕಳಚೆಯ ಸುತ್ತ ಕಾಡೇ ಇತ್ತು. 2009ರ ಅಕ್ಟೋಬರ್ 2ರಂದು 19 ಜನರನ್ನು ಬಲಿ ತೆಗೆದುಕೊಂಡ ಕಾರವಾರದ ಕಡವಾಡದ ಗುಡ್ಡವೂ ಬೋಳು ಗುಡ್ಡವಲ್ಲ. ಮತ್ತೆ ಕಾಡು ಗುಡ್ಡವನ್ನು ಹಿಡಿದುಕೊಳ್ಳುತ್ತದೆ ಎಂಬ ಮಾತು ಏನಾಯಿತು?

ಉತ್ತರ ಮರದಲ್ಲಿ ಇಲ್ಲ, ಅದರ ಕೆಳಗಿನ ಮಣ್ಣಿನಲ್ಲಿದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕಾಡಿನ ಲೆಕ್ಕ ಇಡುವವರು ಬೇಕಾದಷ್ಟು ಜನ. ಕಾಡಿನ ಮಣ್ಣಿನ ಲೆಕ್ಕ ಇಡುವವರು ಮಾತ್ರ ಯಾರೂ ಇಲ್ಲ. ಈ ಒಂದು ತಪ್ಪು ತೋಟದಲ್ಲಿ ಒಂದು ರೀತಿ ಕಾಣಿಸುತ್ತದೆ, ಘಟ್ಟದ ರಸ್ತೆಯಲ್ಲಿ ಇನ್ನೊಂದು ರೀತಿ ಕಾಣಿಸುತ್ತದೆ.

ಧರೆ ಕಡಿದಾಗ ಕಾಣುವುದು

ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟದಲ್ಲಿ ಇಳಿಯುವಾಗ ಹೊಸದಾಗಿ ಕಡಿದ ಧರೆಗಳನ್ನು, ಅಂದರೆ ಗುಡ್ಡದ ಮಣ್ಣಿನ ಗೋಡೆಗಳನ್ನು ಗಮನಿಸಿ. ಮೇಲೆ ಒಂದು ಗೇಣಿನಷ್ಟು ಕಪ್ಪು ಅಥವಾ ಕಂದು ಮಣ್ಣು, ಅದರ ತುಂಬ ಬೇರು. ಅದರ ಕೆಳಗೆ ಕೆಂಪು ಜಲ್ಲಿಮಣ್ಣು. ಆಮೇಲೆ ಕೆಲವೆಡೆ ಗಟ್ಟಿ ಜಂಬಿಟ್ಟಿಗೆ. ಕರಾವಳಿಯಲ್ಲಿ ಇದನ್ನೇ ಚಿರೆಕಲ್ಲು ಎಂದು ಕಡಿದು ಮನೆ ಕಟ್ಟುತ್ತಾರೆ. ಇನ್ನೂ ಕೆಳಗೆ ಹೋದರೆ ಬಿಳಿ, ತಿಳಿಗುಲಾಬಿ, ಹಳದಿ ಬಣ್ಣದ ನುಣ್ಣನೆಯ ಶೇಡಿ ಮಣ್ಣು. ಹಬ್ಬದಲ್ಲಿ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಚಿತ್ತಾರ ಬರೆಯಲು ಬಳಸುತ್ತಾರಲ್ಲ, ಅದೇ ಶೇಡಿ. ಅದರಡಿ ಕೊಳೆತ ಬಂಡೆ, ಕೊನೆಗೆ ಗಟ್ಟಿ ಬಂಡೆ. ಬಂಡೆ ಸಿಗುವವರೆಗಿನ ಈ ಪದರಗಳ ದಪ್ಪ ಹತ್ತಾರು ಅಡಿ ಇರುತ್ತದೆ.

ಇದನ್ನು ಮಾಡಿದ್ದು ಮಳೆ. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಜಾಸ್ತಿ, ಶಿರಸಿಯಲ್ಲಿ ಸುಮಾರು 2,500 ಮಿ.ಮೀ., ಪೂರ್ವಕ್ಕೆ ಮುಂಡಗೋಡ, ಹಳಿಯಾಳದ ಕಡೆ ಅದರ ಅರ್ಧದಷ್ಟು ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೇ ಸುರಿಯುತ್ತದೆ. ಲಕ್ಷಾಂತರ ವರ್ಷ ಹೀಗೆ ಬಿದ್ದ ನೀರು ಬಂಡೆಯೊಳಗಿನ ಸುಣ್ಣ, ಪೊಟ್ಯಾಷ್, ಮೆಗ್ನೀಷಿಯಂ ಎಲ್ಲವನ್ನೂ ಕರಗಿಸಿ ಸಮುದ್ರಕ್ಕೆ ಒಯ್ದಿದೆ. ಸಿಲಿಕಾ ಕೂಡ ಬಹಳಷ್ಟು ಹೋಗಿದೆ. ಸುಲಭವಾಗಿ ಕರಗದೆ ಉಳಿದದ್ದು ಕಬ್ಬಿಣ ಮತ್ತು ಅಲ್ಯೂಮಿನಿಯಂ. ಮಣ್ಣಿಗೆ ಕೆಂಪು ಬಂದದ್ದು ಕಬ್ಬಿಣದಿಂದ. 1801ರಲ್ಲಿ ಕೆನರಾ ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಇಟ್ಟಿಗೆಯಂಥ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟು 1807ರ ತನ್ನ ಪ್ರವಾಸಕಥನದಲ್ಲಿ ಬರೆದ. ಹೆಸರಿಗೆ ಆಧಾರವಾದದ್ದು ಕೇರಳದ ಅಂಗಡಿಪುರಂನಲ್ಲಿ ನೋಡಿದ ಕಲ್ಲು.

ಈ ಕೆಂಪು ಮಣ್ಣು ಬಡ ಮಣ್ಣು. ಹುಳಿ ಮಣ್ಣು ಕೂಡ. ಬೆಳವೊಲದ ಎರೆಮಣ್ಣಿನ ಜೇಡಿಗೆ ಸತ್ವವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಇದೆ. ಇಲ್ಲಿನ ಜೇಡಿಗೆ ಅದು ತೀರಾ ಕಡಿಮೆ. ರಂಜಕ ಹಾಕಿದರೂ ಕಬ್ಬಿಣ, ಅಲ್ಯೂಮಿನಿಯಂ ಅದನ್ನು ಕಟ್ಟಿಹಾಕಿಬಿಡುತ್ತವೆ, ಬೇರಿಗೆ ಸುಲಭವಾಗಿ ಸಿಗುವುದಿಲ್ಲ. ಆದರೂ ಇದೇ ಮಣ್ಣಿನ ಮೇಲೆ ಸಾಲುಧೂಪ, ಹೆಬ್ಬಲಸು, ಉಪ್ಪಾಗೆ, ಹೈಗ, ಸುರಗಿ, ದಾಲ್ಚಿನ್ನಿ, ಕೆಳಗೆ ಬೆತ್ತ, ವಾಟೆ, ಗುರಗಿ ಎಲ್ಲ ಕತ್ತಲೆಗಟ್ಟಿ ಬೆಳೆಯುತ್ತವೆ. ಹೇಗೆ?

ಕಾಡಿನ ಸತ್ವ ಆಳದ ಮಣ್ಣಿನಲ್ಲಿ ಇಲ್ಲ. ಅದು ಮರಗಳಲ್ಲೇ ಇದೆ, ಮೇಲಿನ ಆ ಒಂದು ಗೇಣು ಮಣ್ಣಿನಲ್ಲಿ ಇದೆ. ಠೇವಣಿ ಇಟ್ಟ ದುಡ್ಡಿನ ಹಾಗಲ್ಲ ಇದು, ಸಂತೆಯಲ್ಲಿ ಕೈಯಿಂದ ಕೈಗೆ ಓಡಾಡುವ ನೋಟಿನ ಹಾಗೆ. ಬೇಸಿಗೆಯಲ್ಲಿ ಎಲೆ ಉದುರುತ್ತದೆ. ಮೊದಲ ಮಳೆ ಬಿದ್ದ ಕೂಡಲೇ ಅಣಬೆ, ಗೆದ್ದಲು, ಎರೆಹುಳು, ಕಣ್ಣಿಗೆ ಕಾಣದ ನೂರಾರು ಜೀವಿಗಳು ಅದರ ಮೇಲೆ ಬೀಳುತ್ತವೆ. ಎಲೆ ಕೊಳೆತು ಸತ್ವ ಬಿಡುಗಡೆಯಾಗುವ ಹೊತ್ತಿಗೆ ಬೇರಿನ ಚಾಪೆ ಅಲ್ಲೇ ಕಾಯುತ್ತಿರುತ್ತದೆ. ಮಳೆನೀರು ಕೊಚ್ಚಿಕೊಂಡು ಹೋಗುವ ಮೊದಲೇ ಹೀರಿಕೊಳ್ಳಬೇಕು. ಈ ಓಟದಲ್ಲಿ ಬೇರಿಗೆ ನೆರವಾಗುವುದು ಅದಕ್ಕೆ ಅಂಟಿಕೊಂಡ ಶಿಲೀಂಧ್ರದ ಎಳೆಗಳು. ಬೇರು ಹೋಗಲಾಗದ ಸಂದಿಗೂ ಎಳೆ ಹೋಗುತ್ತದೆ, ರಂಜಕವನ್ನು ಎಳೆದು ತರುತ್ತದೆ. ಬದಲಿಗೆ ಮರ ಅದಕ್ಕೆ ಸಕ್ಕರೆ ಕೊಡುತ್ತದೆ. ಮಳೆಗಾಲ ಶುರುವಾದಾಗ ಹುತ್ತದ ಅಣಬೆ ಹುಡುಕಿಕೊಂಡು ಹೋಗುವವರಿಗೆ ಈ ಕಾರ್ಖಾನೆಯ ಒಂದು ಮೂಲೆ ಪರಿಚಯ. ಆ ಅಣಬೆ ಗೆದ್ದಲು ತನ್ನ ಗೂಡಿನೊಳಗೆ ಕೊಳೆತ ಎಲೆ, ಕಟ್ಟಿಗೆಯ ಮೇಲೆ ಸಾಕಿದ ಬೆಳೆ.

ಇಷ್ಟು ಗೊತ್ತಾದರೆ ಒಂದು ವಿಷಯ ತಾನಾಗಿಯೇ ಹೊಳೆಯುತ್ತದೆ. ಈ ಸುತ್ತು ಕಡಿದರೆ ಕೆಳಗಿನ ಮಣ್ಣು ಕಾಡನ್ನು ಮತ್ತೆ ಕಟ್ಟಿಕೊಡುವುದಿಲ್ಲ, ಕಟ್ಟಲು ಅದರ ಹತ್ತಿರ ಏನೂ ಇಲ್ಲ. ಮೇಲಿನ ಗೇಣು ಮಣ್ಣು ಹೋದ ಜಾಗ ಕರಡದ (ಒಣಹುಲ್ಲಿನ) ಬೋಳುಗುಡ್ಡ ಆಗುತ್ತದೆ, ಇನ್ನೂ ಬಿಸಿಲಿಗೆ ಒಡ್ಡಿದರೆ ಕಲ್ಲಾಗುತ್ತದೆ. ಭಟ್ಕಳ, ಹೊನ್ನಾವರದ ಚಿರೆಕಲ್ಲಿನ ಹಾಸುಗಳ ಮೇಲೆ ನಿಂತರೆ ಇದು ಅರ್ಥ ಆಗುತ್ತದೆ. (ಆ ಹಾಸುಗಳಲ್ಲೂ ಮಳೆಗಾಲದಲ್ಲಿ ಚಿಕ್ಕ ಚಿಕ್ಕ ಹೂಗಿಡಗಳ ದೊಡ್ಡ ಲೋಕವೇ ಇದೆ, ಅವನ್ನು ಪಾಳು ಎಂದು ಬರೆಯುವುದು ತಪ್ಪು. ಅದು ಬೇರೆ ಕಥೆ.)

ಕಾನು ಮತ್ತು ಜಡ್ಡಿ

ಸಿದ್ದಾಪುರ ತಾಲೂಕಿನ ಕತ್ತಲೆಕಾನ ಈ ಎಲ್ಲ ಮಾತಿಗೆ ಒಳ್ಳೆಯ ಪಾಠಶಾಲೆ. ಜೋಗದಿಂದ ಹೊನ್ನಾವರಕ್ಕೆ ಇಳಿಯುವ ರಸ್ತೆಯ ಆಸುಪಾಸಿನ ಈ ಕಾಡಿನೊಳಗೆ ತೊರೆಗಳ ಪಕ್ಕ ರಾಮಪತ್ರೆ ಜಾತಿಯ ಮರಗಳ ಜಡ್ಡಿಗಳಿವೆ. ವರ್ಷವಿಡೀ ನೆನೆದಿರುವ ಮಣ್ಣು ಅದು, ಉಸಿರಿಲ್ಲದ ಕೆಸರು. ಅಲ್ಲಿನ ಮರಗಳ ಬೇರು ಮಂಡಿಯ ಹಾಗೆ ಬಾಗಿ ನೆಲದಿಂದ ಮೇಲೆದ್ದು ಗಾಳಿ ತೆಗೆದುಕೊಂಡು ಮತ್ತೆ ಕೆಳಗೆ ಇಳಿಯುತ್ತದೆ. ಬೀಜ ದೊಡ್ಡದು. ಬಿದ್ದ ಕೆಲವು ದಿನಗಳಲ್ಲಿ ಮೊಳೆಯದಿದ್ದರೆ ಸತ್ತೇಹೋಗುತ್ತದೆ, ಒಣ ನೆಲ ಅದಕ್ಕೆ ಆಗದು. ಮಂಗಟ್ಟೆಯಂಥ ದೊಡ್ಡ ಹಕ್ಕಿ ನುಂಗಿ ಸರಿಯಾದ ಜಾಗದಲ್ಲಿ ಉಗುಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. 2000ರಲ್ಲಿ ವಿಜ್ಞಾನಕ್ಕೆ ಹೊಸದೆಂದು ಗುರುತಿಸಿದ ಗೇರು ಕುಟುಂಬದ ಮರವೊಂದಕ್ಕೆ ಕತ್ತಲೆಕಾನದ ಹೆಸರನ್ನೇ ಇಟ್ಟಿದ್ದಾರೆ. 2011ರಲ್ಲಿ ಘೋಷಿಸಿದ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಈ ಭಾಗದ ಕಾಡುಗಳನ್ನು ಸೇರಿಸಿಕೊಂಡಿತ್ತು, 2019ರಲ್ಲಿ ಅದು ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದಲ್ಲಿ ಸೇರಿತು.

ಜಡ್ಡಿಗಳು ಹಿಂದೆ ಇನ್ನೂ ಎಷ್ಟೋ ಇದ್ದವು. ಕಣಿವೆಯ ತಳ, ಬೇಸಿಗೆಯಲ್ಲೂ ನೀರು, ಕಪ್ಪು ಮಣ್ಣು. ಅಡಿಕೆ ತೋಟಕ್ಕೂ ಬೇಕಾದ್ದು ಅದೇ ಜಾಗ ಅಲ್ವಾ? ನಮ್ಮ ಎಷ್ಟೋ ತೋಟ, ಗದ್ದೆಗಳು ಜಡ್ಡಿಯ ಮೇಲೆಯೇ ಎದ್ದಿವೆ. ಅದಕ್ಕೆ ಹಿಂದಿನವರನ್ನು ದೂರಿ ಪ್ರಯೋಜನ ಇಲ್ಲ. ಉಳಿದವನ್ನು ಮುಟ್ಟದಿದ್ದರೆ ಸಾಕು.

ಕಾನು (ಊರವರು ಕಾಪಾಡಿಕೊಂಡು ಬಂದ ದಟ್ಟ ಹಸಿರು ಕಾಡು), ದೇವರಕಾಡುಗಳದ್ದು ಸ್ವಲ್ಪ ಬೇರೆ. ಕಾಳುಮೆಣಸು, ಉಪ್ಪಾಗೆ, ಬೆತ್ತ ಅಲ್ಲಿಂದ ಬರುತ್ತಿತ್ತು, ಆದರೆ ಮರ ಕಡಿಯುತ್ತಿರಲಿಲ್ಲ. ಇದರ ಲಾಭ ಮಣ್ಣಿಗೆ ಸಿಕ್ಕಿತು. ಮಾರ್ಚ್ ತಿಂಗಳಲ್ಲಿ ಒಳ್ಳೆಯ ಕಾನಿನೊಳಗೆ ಕಾಲಿಟ್ಟರೆ ದರಕು, ಅಂದರೆ ಉದುರಿದ ಒಣ ಎಲೆ, ಕಣಕಾಲಿನವರೆಗೆ ಬರುತ್ತದೆ, ಅದನ್ನು ಸರಿಸಿದರೆ ತಳದ ಎಲೆ ಆಗಲೂ ತಣ್ಣಗಿರುತ್ತದೆ. ನೂರು ಹೆಜ್ಜೆ ಈಚೆ, ದರಕು ಗುಡಿಸಿದ ಬೆಟ್ಟದಲ್ಲಿ ಅದೇ ಹೊತ್ತಿಗೆ ನೆಲ ಬಿರುಕು ಬಿಟ್ಟಿರುತ್ತದೆ.

ಒಂದು ಎಕರೆ ತೋಟಕ್ಕೆ ಎಷ್ಟು ಎಕರೆ ಬೆಟ್ಟ?

ಸೊಪ್ಪಿನಬೆಟ್ಟದ ವಿಷಯಕ್ಕೆ ಬರದೆ ಉತ್ತರ ಕನ್ನಡದ ಕಾಡುಮಣ್ಣಿನ ಮಾತು ಮುಗಿಯುವುದಿಲ್ಲ. ಬ್ರಿಟಿಷರ ಕಾಲದಲ್ಲಿ ಅಡಿಕೆ ತೋಟಿಗರಿಗೆ ಸೊಪ್ಪು, ದರಕು, ಹುಲ್ಲಿಗಾಗಿ ಅರಣ್ಯದ ಭಾಗಗಳನ್ನು ಬಿಟ್ಟುಕೊಟ್ಟರು. ಒಡೆತನ ಸರ್ಕಾರದ್ದು, ಬಳಕೆಯ ಹಕ್ಕು ತೋಟದವರದ್ದು. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೂ ಬೆಟ್ಟ, ಘಟ್ಟದ ಕೆಳಗೆ ಅದಕ್ಕಿಂತ ಕಡಿಮೆ.

ಈ ಒಂಬತ್ತಕ್ಕೆ ಒಂದು ಎಂಬ ಲೆಕ್ಕವನ್ನು ಜನ ಸುಮ್ನೆ ಕಾನೂನಿನ ಅಂಕಿ ಎಂದು ಓದುತ್ತಾರೆ. ನನಗೆ ಅದು ಮಣ್ಣಿನ ಲೆಕ್ಕವಾಗಿ ಕಾಣುತ್ತದೆ. ಬಡ ಮಣ್ಣಿನ ಒಂದು ಎಕರೆ ಪ್ರತಿ ವರ್ಷ ಫಸಲು ಕೊಡಬೇಕಾದರೆ ಸುತ್ತಲಿನ ಎಷ್ಟು ಎಕರೆ ಕಾಡು ತನ್ನ ಎಲೆಯಲ್ಲಿ ಒಂದು ಪಾಲು ಕೊಡಬೇಕು ಎಂಬುದರ ಅಂದಾಜು ಅದು. ಎಲೆ ಕೊಟ್ಟಿಗೆಗೆ ಹೋಗುತ್ತಿತ್ತು, ದನದ ಕಾಲಡಿ ಸಗಣಿ, ಗಂಜಲದೊಂದಿಗೆ ಬೆರೆಯುತ್ತಿತ್ತು, ಗೊಬ್ಬರಗುಂಡಿ ಸೇರುತ್ತಿತ್ತು, ಆಮೇಲೆ ಅಡಿಕೆ ಬುಡಕ್ಕೆ. ಕಾಡಿನ ಸುತ್ತಿನಲ್ಲಿ ಓಡಾಡುವ ಸತ್ವವನ್ನು ಹೀಗೆ ತೋಟದ ಕಡೆಗೆ ತಿರುಗಿಸಿದರು. ಒಂಬತ್ತು ಎಕರೆ ಇದ್ದಾಗ ಯಾವ ಎಕರೆಗೂ ಭಾರ ಜಾಸ್ತಿ ಆಗುತ್ತಿರಲಿಲ್ಲ.

ಈಗ ಲೆಕ್ಕ ಎರಡೂ ಕಡೆಯಿಂದ ತಪ್ಪಿದೆ. ಅಡಿಕೆ ದರ ಏರಿದ ಹಾಗೆ ತೋಟ ಬೆಳೆಯಿತು. ಬನವಾಸಿ, ಮುಂಡಗೋಡ ಕಡೆಯ ಗದ್ದೆಗಳೂ ಅಡಿಕೆ ಆದವು, ಅವಕ್ಕೆ ಬೆಟ್ಟ ಇಲ್ಲ. ಕೆಲವೆಡೆ ಬೆಟ್ಟವೇ ತೋಟವಾಯಿತು. ಕೊಟ್ಟಿಗೆಯಲ್ಲಿ ದನ ಕಡಿಮೆ, ಸೊಪ್ಪು ಕಡಿಯಲು ಆಳು ಸಿಗುವುದಿಲ್ಲ. ಕೈಗೆ ಸುಲಭಕ್ಕೆ ಸಿಗುವ ಬೆಟ್ಟದ ಅಂಚನ್ನು ಮಾತ್ರ ಕೊನೆಯ ಎಲೆಯವರೆಗೆ ಗುಡಿಸುತ್ತಾರೆ, ದೂರದ್ದು ಹಾಗೇ ಬಿಡುತ್ತಾರೆ. ಮತ್ತಿ, ಹೊನ್ನೆ, ಕವಲು ಮರಗಳನ್ನು ವರ್ಷ ವರ್ಷ ಸವರಿದ ಬೆಟ್ಟದಲ್ಲಿ ಮರ ನಿಂತಿರುತ್ತದೆ, ಆದರೆ ಬೀಜ ಬಿಡುವುದಿಲ್ಲ, ಕೆಳಗೆ ಸಸಿ ಇರುವುದಿಲ್ಲ. ಮೊದಲ ಜೋರು ಮಳೆ ಹನಿ ನೇರವಾಗಿ ನೆಲಕ್ಕೆ ಬಡಿಯುತ್ತದೆ. ಹಳ್ಳದ ನೀರು ಕೆಂಪಾಗುವುದು ಅಲ್ಲಿಂದ.

ಬೆಟ್ಟದ ಬಗ್ಗೆ ಮಾತಾಡುವಾಗ ಎರಡು ಗುಂಪುಗಳು ಜೋರಾಗಿ ಕೂಗುತ್ತವೆ. ತೋಟಿಗರೇ ಕಾಡು ಉಳಿಸಿದವರು ಎನ್ನುವವರು, ಬೆಟ್ಟದ ಹಕ್ಕೇ ಕಾಡು ನುಂಗಿತು ಎನ್ನುವವರು. ಎರಡೂ ಪೂರ್ತಿ ನಿಜ ಅಲ್ಲ. ಒಂದೇ ಊರಿನಲ್ಲಿ ಒಬ್ಬರ ಬೆಟ್ಟ ಕಾನಿನ ಹಾಗಿರುತ್ತದೆ, ಪಕ್ಕದವರದ್ದು ಕರಡವೂ ಸರಿಯಾಗಿ ಬೆಳೆಯದ ಗುಡ್ಡ. ಕಾನೂನು ಇಬ್ಬರಿಗೂ ಒಂದೇ. ವ್ಯತ್ಯಾಸ ಮಾಡಿದ್ದು ಪ್ರತಿ ವರ್ಷ ಎಷ್ಟು ಎಲೆ ನೆಲದ ಮೇಲೆ ಬಿಟ್ಟರು ಎಂಬುದು.

ತೋಟದೊಳಗೆ ಇನ್ನೊಂದು ಸಂಗತಿ ಇದೆ. ಕೊಳೆ ರೋಗಕ್ಕೆ ಮಳೆಗಾಲದಲ್ಲಿ ಎರಡು ಮೂರು ಸಲ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಮೈಲುತುತ್ತದ ತಾಮ್ರ ಎಲ್ಲೂ ಹೋಗುವುದಿಲ್ಲ, ಮೇಲ್ಮಣ್ಣಿನಲ್ಲೇ ಸೇರುತ್ತ ಹೋಗುತ್ತದೆ. ಎರೆಹುಳುವಿಗೂ ಶಿಲೀಂಧ್ರಕ್ಕೂ ಅದು ಒಳ್ಳೆಯದಲ್ಲ. ಕೊಳೆ ಬಂದವರಿಗೆ ಔಷಧ ಹೊಡೆಯಬೇಡಿ ಎನ್ನಲು ಆಗುವುದಿಲ್ಲ, ನಾನೂ ಹೇಳುವುದಿಲ್ಲ. ಆದರೆ ಬೆಟ್ಟದ ಸೊಪ್ಪು ನಿಂತು ತಾಮ್ರ ಮಾತ್ರ ಮುಂದುವರಿದರೆ ಆ ಮಣ್ಣು ಯಾವ ಕಡೆ ಹೋಗುತ್ತದೆ ಎಂದು ಊಹಿಸಲು ಕಷ್ಟವಿಲ್ಲ.

ನಕ್ಷೆಯ ಹಸಿರು

ಉತ್ತರ ಕನ್ನಡದ ಸುಮಾರು 10,290 ಚದರ ಕಿ.ಮೀ.ಯಲ್ಲಿ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಅರಣ್ಯ ಎಂದು ಭಾಷಣಗಳಲ್ಲಿ ಕೇಳುತ್ತೇವೆ. ಅಷ್ಟೆಲ್ಲ ಕಾಡಿದೆ, ಇನ್ನೂ ಯಾಕೆ ಅಳುತ್ತೀರಿ ಎಂಬ ಮಾತೂ ಅದರ ಹಿಂದೆಯೇ ಬರುತ್ತದೆ. ಉಪಗ್ರಹ ಚಿತ್ರ ನೋಡಿ ವರದಿ ಮಾಡುವ ಭಾರತೀಯ ಅರಣ್ಯ ಸರ್ವೇಕ್ಷಣೆಯ ಪ್ರಕಾರ, ಒಂದು ಹೆಕ್ಟೇರ್‌ಗಿಂತ ದೊಡ್ಡ ಜಾಗದಲ್ಲಿ ಶೇ. 10ರಷ್ಟು ಮರದ ನೆತ್ತಿ ಇದ್ದರೆ ಅದು ಅರಣ್ಯದ ಹೊದಿಕೆ. ಮರ ಯಾವುದು, ಜಾಗ ಯಾರದ್ದು ಎಂಬುದು ಬೇಕಿಲ್ಲ. ಸಾಗವಾನಿ ನೆಡುತೋಪು, ಅಕೇಶಿಯಾ, ತೋಪು, ತೋಟ ಎಲ್ಲ ಒಂದೇ ಹಸಿರು.

ಇದೇ ಜಿಲ್ಲೆಯನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದವರು ಬೇರೆ ಬಗೆಯಲ್ಲಿ ಅಳೆದರು. ನಿತ್ಯಹರಿದ್ವರ್ಣ ಮತ್ತು ಅದಕ್ಕೆ ಹತ್ತಿರದ ಕಾಡು 1973ರಲ್ಲಿ ಜಿಲ್ಲೆಯ ಸುಮಾರು ಶೇ. 68ರಷ್ಟಿದ್ದದ್ದು 2013ರ ಹೊತ್ತಿಗೆ ಸುಮಾರು ಶೇ. 32ಕ್ಕೆ ಇಳಿದಿತ್ತು. ನಕ್ಷೆಯಲ್ಲಿ ಹಸಿರು ಅಷ್ಟೇನೂ ಕಡಿಮೆ ಆಗಲಿಲ್ಲ. ಹಸಿರಿನ ಒಳಗಿನದು ಬದಲಾಯಿತು.

ಬದಲಾದದ್ದರಿಂದ ಮಣ್ಣಿಗೆ ಏನಾಯಿತು? ಸಾಗವಾನಿಯ ಎಲೆ ಅಗಲ. ಅದರ ಮೇಲೆ ಮಳೆ ಒಟ್ಟುಗೂಡಿ ದೊಡ್ಡ ಹನಿಯಾಗಿ ಎತ್ತರದಿಂದ ಬೀಳುತ್ತದೆ. ಕೆಳಗೆ ಪೊದೆ, ಹುಲ್ಲು, ದರಕು ಇದ್ದರೆ ತೊಂದರೆ ಇಲ್ಲ. ಆದರೆ ಸಾಗವಾನಿ ತೋಪಿನಲ್ಲಿ ಬೇಸಿಗೆಯಲ್ಲಿ ಬಿದ್ದ ಎಲೆಗೆ ಬೆಂಕಿ ಬೀಳುವುದು ಸಾಮಾನ್ಯ. ಜೂನ್‌ನಲ್ಲಿ ಆ ದೊಡ್ಡ ಹನಿ ಬರಿ ನೆಲಕ್ಕೆ ಹೊಡೆಯುತ್ತದೆ. ಸಾಗವಾನಿಗೆ ಹಳಿಯಾಳ, ಮುಂಡಗೋಡದ ಒಣ ಸೀಮೆ ತವರು, ಅಲ್ಲಿ ಅದು ತಾನಾಗಿಯೇ ಬೆಳೆಯುತ್ತದೆ. ಅದನ್ನು ಮಳೆಸೀಮೆಯ ಹಸಿರು ಕಾಡು ಕಡಿದು ನೆಟ್ಟದ್ದು ತಪ್ಪು. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿ ಭಾಗದ ಕಳಸೆ ಕಾಡಿನಲ್ಲಿ ಜನ ಮರ ತಬ್ಬಿ ನಿಂತು ಅಪ್ಪಿಕೋ ಶುರುವಾಗಿದ್ದರ ಹಿಂದೆ ಇದೇ ಸಿಟ್ಟಿತ್ತು. ಪಾಂಡುರಂಗ ಹೆಗಡೆಯವರು ಮುಂದೆ ನಿಂತ ಆ ಚಳವಳಿಯನ್ನು ಈಗ ಮರ ಉಳಿಸಿದ ಕಥೆಯಾಗಿ ಮಾತ್ರ ಹೇಳುತ್ತಾರೆ. ಆಗ ಊರವರು ಆಡುತ್ತಿದ್ದ ದೂರು ಬತ್ತಿದ ಹಳ್ಳ, ಕೊಚ್ಚಿಹೋದ ಮಣ್ಣಿನದ್ದೂ ಆಗಿತ್ತು.

ಅಕೇಶಿಯಾದ್ದು ಇಷ್ಟು ಸರಳ ಅಲ್ಲ. 1980ರ ದಶಕದಿಂದ ಬೋಳುಗುಡ್ಡ, ಬೆಟ್ಟ, ಬ್ಯಾಣಗಳಲ್ಲಿ (ಹುಲ್ಲುಗಾವಲುಗಳಲ್ಲಿ) ಅದನ್ನು ನೆಟ್ಟರು. ಬಡ ಮಣ್ಣಿನಲ್ಲೂ ಬೆಳೆಯುತ್ತದೆ, ಗಾಳಿಯ ಸಾರಜನಕವನ್ನು ಮಣ್ಣಿಗೆ ಕಟ್ಟುತ್ತದೆ, ಸೌದೆ ಕೊಡುತ್ತದೆ. ಆದರೆ ಅದರ ಚರ್ಮದಂಥ ಎಲೆ ಬೇಗ ಕೊಳೆಯುವುದಿಲ್ಲ. ದನ ತಿನ್ನುವುದಿಲ್ಲ, ಕೊಟ್ಟಿಗೆಗೂ ಯಾರೂ ಇಷ್ಟಪಟ್ಟು ಹಾಸುವುದಿಲ್ಲ. ಅದರ ನೆರಳಲ್ಲಿ ಊರ ಗಿಡಗಳು ಏಳುವುದೂ ಉಂಟು, ಹತ್ತಿರದಲ್ಲಿ ಕಾನು ಇದ್ದು ಹಕ್ಕಿಗಳು ಬೀಜ ತಂದರೆ. ಆದರೆ ಕೆಲವು ವರ್ಷಕ್ಕೊಮ್ಮೆ ಅಕೇಶಿಯಾ ಕಡಿದು ಲಾರಿಗೆ ತುಂಬುವಾಗ ಆ ಸಸಿಗಳನ್ನೂ ತುಳಿದು, ನೆಲ ಕೆರೆದು ಮತ್ತೆ ಅಕೇಶಿಯಾವನ್ನೇ ನೆಟ್ಟರೆ ಮಣ್ಣು ಮೊದಲಿನಲ್ಲಿಗೇ ಬರುತ್ತದೆ. ಹಾಗಾಗಿ ನನ್ನ ತಕರಾರು ಮರದ ಮೇಲೆ ಕಡಿಮೆ, ಕಡಿಯುವ ಕ್ರಮದ ಮೇಲೆ ಜಾಸ್ತಿ.

ಬೇರು ಎಲ್ಲಿವರೆಗೆ ಹೋಗುತ್ತದೆ

ಈಗ ಮೊದಲಿನ ಪ್ರಶ್ನೆ. ಈ ಕಾಡಿನ ಬೇರುಗಳಲ್ಲಿ ಬಹುಪಾಲು ಇರುವುದು ಮೇಲಿನ ಮೂರು ನಾಲ್ಕು ಅಡಿಯಲ್ಲಿ. ಸತ್ವ ಇರುವುದೇ ಅಲ್ಲಿ, ಬೇರು ಕೆಳಗೆ ಯಾಕೆ ಹೋಗಬೇಕು? ಅಷ್ಟು ಮಣ್ಣನ್ನು ಕಾಡು ನಿಜವಾಗಿಯೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಮೇಲಿನ ಪದರ ಜಾರುವ ಸಣ್ಣ ಕುಸಿತಗಳು ಕಾಡಿದ್ದಲ್ಲಿ ಕಡಿಮೆ, ಬೋಳು ಮಾಡಿದಲ್ಲಿ ಜಾಸ್ತಿ. ಮರ ಕಡಿದ ಕೂಡಲೇ ಏನೂ ಆಗುವುದಿಲ್ಲ, ಹಳೆಯ ಬೇರು ಕೊಳೆತು ಹಿಡಿತ ಬಿಡಲು ಕೆಲವು ವರ್ಷ ಬೇಕು. ಆದ್ದರಿಂದಲೇ ಇಂದಿನ ಕುಸಿತವನ್ನು ಹಿಂದಿನ ಕಡಿತಕ್ಕೆ ಯಾರೂ ಜೋಡಿಸುವುದಿಲ್ಲ.

ದೊಡ್ಡ ಕುಸಿತಗಳ ಕತೆ ಬೇರೆ. ಅವು ಬೇರಿನ ಕೆಳಗೆ, ಶೇಡಿ ಮತ್ತು ಕೊಳೆತ ಬಂಡೆಯ ಮಟ್ಟದಲ್ಲಿ ಜಾರುತ್ತವೆ. ಒಣಗಿದ್ದಾಗ ಶೇಡಿ ಗಟ್ಟಿ, ಗುದ್ದಲಿಗೂ ಬಗ್ಗುವುದಿಲ್ಲ. ನೀರು ತುಂಬಿದರೆ ಬೆಣ್ಣೆ. ದಿನಗಟ್ಟಲೆ ಮಳೆ ಬಂದಾಗ ಮೇಲಿನ ಜಲ್ಲಿಮಣ್ಣಿನಿಂದ, ಜಂಬಿಟ್ಟಿಗೆಯ ತೂತುಗಳಿಂದ ನೀರು ಸರಸರ ಇಳಿಯುತ್ತದೆ. ಶೇಡಿಯಲ್ಲಿ ಅಷ್ಟು ವೇಗವಾಗಿ ಇಳಿಯಲಾರದೆ ಒತ್ತಡ ಕಟ್ಟುತ್ತದೆ. ಆ ಒತ್ತಡ ಮಣ್ಣಿನ ಕಣಗಳ ನಡುವಿನ ಹಿಡಿತವನ್ನೇ ಸಡಿಲ ಮಾಡುತ್ತದೆ. ಆಗ ಗುಡ್ಡ ನಿಲ್ಲಬೇಕಾದರೆ ಬುಡದಲ್ಲಿ ಒತ್ತುಗೊಡುವ ಮಣ್ಣು ಇರಬೇಕು. ಆ ಬುಡವನ್ನೇ ಕಡಿದಿದ್ದರೆ, ಮೇಲಿನ ಕಾಡು ಎಷ್ಟೇ ದಟ್ಟ ಇರಲಿ, ಬೇರು ಸಮೇತ ಇಡೀ ಗುಡ್ಡ ಕೆಳಗೆ ಬರುತ್ತದೆ.

ಗಿಡ ನೆಟ್ಟರೆ ಭೂಕುಸಿತ ನಿಲ್ಲುತ್ತದೆ ಎಂಬ ಘೋಷಣೆ ನನಗೆ ಇಷ್ಟ ಆಗದ್ದು ಇದಕ್ಕೇ. ಅದು ಕಡಿದವರಿಗೆ ಸುಲಭದ ದಾರಿ ಮಾಡಿಕೊಡುತ್ತದೆ. ನೆಟ್ಟಗೆ ಕಡಿದ ಧರೆಯ ನೆತ್ತಿಯ ಮೇಲೆ ಸಾವಿರ ಸಸಿ ನೆಟ್ಟರೂ ಬುಡದ ಗಾಯ ಮಾಯುವುದಿಲ್ಲ. ಹಾಗೆಯೇ, ಕಾಡಿದ್ದೂ ಕುಸಿಯಿತು, ಹಾಗಾದರೆ ಕಾಡಿನಿಂದ ಏನೂ ಪ್ರಯೋಜನ ಇಲ್ಲ ಎನ್ನುವುದೂ ಅಷ್ಟೇ ತಪ್ಪು. ಎರಡು ಆಳದ ಎರಡು ಕೆಲಸ ಅವು.

ಇಂಗುಗುಂಡಿಯ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ನೀರಿಂಗಿಸುವುದು ನಮ್ಮಲ್ಲಿ ಒಳ್ಳೆಯ ಚಳವಳಿಯಾಗಿ ಬೆಳೆದಿದೆ, ಎಷ್ಟೋ ಬಾವಿಗಳು ಅದರಿಂದ ಉಳಿದಿವೆ. ಇಳಿಜಾರು ಕಡಿಮೆ ಇರುವ ಬ್ಯಾಣ, ಗದ್ದೆ, ತಗ್ಗಿಗೆ ಅದು ಸರಿ. ಕಡಿದಾದ ಗುಡ್ಡದ ನಡುಮಧ್ಯ, ಕೆಳಗೆ ಮನೆ ಇರುವಲ್ಲಿ ಸಾಲಾಗಿ ಗುಂಡಿ ತೋಡಿ ನೀರು ನಿಲ್ಲಿಸುವುದು ಶೇಡಿಗೆ ನೀರುಣಿಸಿದಂತೆ. ದರಕು ಬಿಟ್ಟ ಕಾಡಿನ ನೆಲ ತಾನೇ ನೀರು ಇಂಗಿಸುತ್ತದೆ, ಇಡೀ ಮೈಯಲ್ಲಿ ಹರಡಿ, ನಿಧಾನವಾಗಿ. ಗುಂಡಿ ಒಂದೇ ಕಡೆ ಇಂಗಿಸುತ್ತದೆ.

ಸಣ್ಣ ಧರೆಗಳೂ ಕಡಿಮೆ ಕೊಲ್ಲುವುದಿಲ್ಲ. 2022ರ ಆಗಸ್ಟ್ 2ರಂದು ಭಟ್ಕಳದ ಮುಟ್ಟಳ್ಳಿಯಲ್ಲಿ ಮನೆಯ ಮೇಲೆ ಗುಡ್ಡ ಬಿದ್ದು ನಾಲ್ವರು ಸತ್ತರು. ಹಿಂದೆ ತೋಟಕ್ಕೆ ಹೊಸಮಣ್ಣು ಹಾಕಲು ಧರೆಯನ್ನು ಗುದ್ದಲಿಯಲ್ಲಿ ಕಡಿಯುತ್ತಿದ್ದರು. ವರ್ಷಕ್ಕೆ ಒಂದಿಷ್ಟು, ಹೆಡಿಗೆಯಲ್ಲಿ ಹೊತ್ತು. ಈಗ ಜೆಸಿಬಿ ಒಂದು ಮಧ್ಯಾಹ್ನದಲ್ಲಿ ಮೂವತ್ತು ಅಡಿ ನೆಟ್ಟಗೆ ಇಳಿಸುತ್ತದೆ. ಮನೆ ಹಿಂದೆ ಕೊಟ್ಟಿಗೆ, ಕಾರು ನಿಲ್ಲಿಸಲು ಜಾಗ, ಅಡಿಕೆ ಒಣಗಿಸುವ ಅಂಗಳ, ಎಲ್ಲಕ್ಕೂ ಅದೇ. ಮಣ್ಣು ಎಷ್ಟು ಕೋನದಲ್ಲಿ ನಿಲ್ಲುತ್ತದೆ ಎಂದು ಕೇಳುವವರು ಯಾರೂ ಇಲ್ಲ. ಬೇಸಿಗೆಯಲ್ಲಿ ಕಡಿದಾಗ ಶೇಡಿ ಗೋಡೆಯ ಹಾಗೆ ನಿಲ್ಲುತ್ತದೆ, ಅದನ್ನು ನೋಡಿ ಧೈರ್ಯ ಬರುತ್ತದೆ.

ದೊಡ್ಡ ಯೋಜನೆಗಳ ಮಾತಿಗೆ ಬಂದರೂ ಲೆಕ್ಕ ಮರಕ್ಕೇ ನಿಲ್ಲುತ್ತದೆ. 164 ಕಿ.ಮೀ. ಉದ್ದದ ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗಕ್ಕೆ ಸುಮಾರು 600 ಹೆಕ್ಟೇರ್ ಅರಣ್ಯ, 2,000 ಮೆಗಾವಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ವಿದ್ಯುತ್ ಯೋಜನೆಗೆ ಸಿಂಗಳೀಕದ ಕಾಡಿನಡಿ ಸುರಂಗ, ಬೇಡ್ತಿ–ವರದಾ ನದಿ ಜೋಡಣೆ, ಘಟ್ಟದ ರಸ್ತೆಗಳ ಅಗಲೀಕರಣ. ಪ್ರತಿ ಸಲ ವಾದ ನಡೆಯುವುದು ಎಷ್ಟು ಮರ ಹೋಗುತ್ತದೆ, ಬದಲಿಗೆ ಎಲ್ಲಿ ಎಷ್ಟು ಸಸಿ ನೆಡುತ್ತಾರೆ ಎಂದು. ಒಂದು ಗೇಣು ಕಪ್ಪು ಮಣ್ಣು ಕಟ್ಟಲು ನೂರಾರು ವರ್ಷ ಬೇಕು, ಅದನ್ನು ಬೇರೆ ಜಿಲ್ಲೆಯ ಬಯಲಿನಲ್ಲಿ ನೆಡಲು ಬರುವುದಿಲ್ಲ. ಅಗೆದ ಮಣ್ಣನ್ನು ಎಲ್ಲಿ ಸುರಿಯುತ್ತಾರೆ ಎಂಬುದನ್ನಂತೂ ಊರವರು ಕೇಳುವುದು ಅದು ಹಳ್ಳಕ್ಕೆ ಇಳಿದ ಮೇಲೆಯೇ. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶ ಗುರುತಿಸುವ ಕಸ್ತೂರಿರಂಗನ್ ವರದಿಯ ಮೇಲಿನ ಕರಡು ಅಧಿಸೂಚನೆ 2024ರ ಜುಲೈ 31ರಂದು ಆರನೆಯ ಸಲ ಹೊರಬಿದ್ದಾಗಲೂ ಹೀಗೆಯೇ ಆಯಿತು. ಕರ್ನಾಟಕದ 20,668 ಚದರ ಕಿ.ಮೀ. ಸೇರಬೇಕೋ ಬೇಡವೋ ಎಂಬ ಜಗಳ ಬಿಟ್ಟರೆ ಇಳಿಜಾರು, ಶೇಡಿ, ಧರೆ ಯಾವುದೂ ಚರ್ಚೆಗೆ ಬರಲಿಲ್ಲ. ರಾಜ್ಯ ಸಂಪುಟ ಅದನ್ನು ತಿರಸ್ಕರಿಸಿತು.

ದೊಡ್ಡ ಕ್ರಮಕ್ಕೆ ಕಾದು ಕೂರದೆ ನಾವೇ ಮಾಡಬಹುದಾದ ಕೆಲಸವೂ ಇದೆ. ಬೆಟ್ಟದಲ್ಲಿ ದರಕು ಗುಡಿಸುವವರು ಸರದಿ ಹಾಕಿಕೊಳ್ಳಬಹುದು. ಈ ವರ್ಷ ಮೂಡಲಿನ ಭಾಗ, ಮುಂದಿನ ವರ್ಷ ಪಡುವಣದ್ದು, ಹಳ್ಳದ ಪಕ್ಕದ ನೆಲ ಮತ್ತು ಕಡಿದಾದ ಇಳಿಜಾರು ಯಾವತ್ತೂ ಇಲ್ಲ. ತೋಟದ ಸೋಗೆ, ಅಡಿಕೆ ಸಿಪ್ಪೆಯನ್ನು ಅಂಗಳದ ಮೂಲೆಯಲ್ಲಿ ಸುಡುವ ಬದಲು ತೋಟಕ್ಕೇ ಹಾಕಿದರೆ ಬೆಟ್ಟದ ಮೇಲಿನ ಭಾರ ಅಷ್ಟರ ಮಟ್ಟಿಗೆ ಇಳಿಯುತ್ತದೆ. ಧರೆ ಕಡಿಯುವುದು ಅನಿವಾರ್ಯವಾದರೆ ಮೆಟ್ಟಿಲು ಮೆಟ್ಟಿಲಾಗಿ ಕಡಿಸಿ, ಮೇಲ್ಗಡೆ ನೀರು ಬೇರೆ ಕಡೆ ಹೋಗಲು ಕಾಲುವೆ ಮಾಡಿ. ಗ್ರಾಮ ಪಂಚಾಯಿತಿಗಳು ಮೇ ತಿಂಗಳಲ್ಲಿ ಗಟಾರ ತೆಗೆಸುತ್ತವೆ. ಅದೇ ವಾರ ಮನೆಗಳ ಹಿಂದಿನ ಎತ್ತರದ ಧರೆಗಳನ್ನೂ ನೋಡಿ ಪಟ್ಟಿ ಮಾಡಬಹುದು. ನೆತ್ತಿಯಲ್ಲಿ ಬಿರುಕು ಇದೆಯೇ, ಮರ, ಕಂಬ ಹೊಸದಾಗಿ ವಾಲಿದೆಯೇ, ಬುಡದಲ್ಲಿ ಹಿಂದೆ ಇಲ್ಲದ ಒರತೆ ಎದ್ದಿದೆಯೇ ಎಂದು ನೋಡಲು ಭೂವಿಜ್ಞಾನಿಯೇ ಬೇಕಿಲ್ಲ. ಮಳೆಗಾಲದ ನಡುವೆ ಆ ಒರತೆಯ ನೀರು ಇದ್ದಕ್ಕಿದ್ದಂತೆ ಕೆಂಪಾದರೆ ಅಥವಾ ನಿಂತೇಹೋದರೆ ಆ ರಾತ್ರಿ ಆ ಮನೆಯಲ್ಲಿ ಯಾರೂ ಮಲಗಬಾರದು.